ಲಂಘನ: ಕುದುರೆಯ ನೆಗೆತದಿಂದ ಕುಷ್ಟಗಿಯ ಲಂಗಣದವರೆಗೆ

ಹೇಮಚಂದ್ರಾಚಾರ್ಯರ ‘ಅಭಿಧಾನಚಿಂತಾಮಣಿ’ಯಲ್ಲಿ ಕುದುರೆಗಳನ್ನು ಕುರಿತ ಭಾಗವೊಂದಿದೆ. ಬಣ್ಣ ಮತ್ತು ತಳಿಗಳ ಹೆಸರುಗಳ ಜೊತೆಗೆ ಆಚಾರ್ಯರು ಅಲ್ಲಿ ಕುದುರೆಯ ಐದು ಗತಿಗಳನ್ನು ಎಣಿಸುತ್ತಾರೆ: ಧೋರಿತ, ವಲ್ಗಿತ, ಪ್ಲುತ, ಉತ್ತೇಜಿತ, ಉತ್ತೇರಿತ. ಈ ಐದಕ್ಕೂ ಸೇರಿಸಿ ‘ಧಾರಾ’ ಎಂದು ಹೆಸರು. ಅವರಿಗಿಂತ ಹಳೆಯದಾದ ಅಮರಕೋಶದಲ್ಲಿಯೂ ಗತಿಗಳು ಐದೇ. ಆದರೆ ಹೆಸರುಗಳಲ್ಲಿ ವ್ಯತ್ಯಾಸವಿದೆ: ಆಸ್ಕಂದಿತ, ಧೌರಿತಕ, ರೇಚಿತ, ವಲ್ಗಿತ, ಪ್ಲುತ. ಎರಡು ಪಟ್ಟಿಗಳಲ್ಲಿಯೂ ಉಳಿದುಕೊಂಡಿರುವ ಪ್ಲುತವೆಂದರೆ ನೆಗೆತದ ನಡೆ. ಹಕ್ಕಿಯ ಮತ್ತು ಜಿಂಕೆಯ ಗತಿಯನ್ನು ಹೋಲುವಂಥದು ಎಂದು ಹೇಮಚಂದ್ರರು ಅದನ್ನು ವಿವರಿಸಿ, ಅದಕ್ಕೆ ಇನ್ನೊಂದು ಹೆಸರನ್ನೂ ಕೊಡುತ್ತಾರೆ. ಆ ಹೆಸರು ಲಂಘನ.

ಪ್ಲುತ ಎಂಬ ಶಬ್ದ ಕನ್ನಡದ ವಿದ್ಯಾರ್ಥಿಗಳಿಗೆ ಹೊಸದಲ್ಲ. ಹ್ರಸ್ವ, ದೀರ್ಘ, ಪ್ಲುತ ಎಂದು ಸ್ವರಗಳನ್ನು ಎಣಿಸುವಾಗ ಪ್ರತಿಯೊಬ್ಬರೂ ಅದನ್ನು ಬಾಯಿಪಾಠ ಮಾಡಿರುತ್ತಾರೆ. ದೂರದಲ್ಲಿರುವವರನ್ನು ಕೂಗುವಾಗ ಕೊನೆಯ ಸ್ವರ ಮೂರು ಮಾತ್ರೆಗಳಷ್ಟು ಎಳೆದುಕೊಳ್ಳುತ್ತದೆ. ಹೆಜ್ಜೆ ನೆಲಬಿಟ್ಟು ಗಾಳಿಯಲ್ಲಿ ಚಾಚಿಕೊಂಡ ಹಾಗೆ ಸ್ವರವೂ ಚಾಚಿಕೊಳ್ಳುತ್ತದೆ ಎಂಬ ಹೋಲಿಕೆ ಆ ಹೆಸರಿನ ಹಿಂದೆ ಇರಬೇಕು. ಹೀಗೆ ಪ್ಲುತ ಕುದುರೆಲಾಯದಿಂದ ವ್ಯಾಕರಣಕ್ಕೆ ಬಂದು ಕ್ಷೇಮವಾಗಿದೆ. ಅದರ ಜೊತೆಯ ಲಂಘನ ಮಾತ್ರ ಬಹಳ ಅಲೆದಿದೆ. ನನ್ನನ್ನು ಇಪ್ಪತ್ತು ವರ್ಷಗಳಿಂದ ಕಾಡುತ್ತಿರುವುದೂ ಅದೇ. ಕಾರಣವನ್ನು ಮುಂದೆ ಹೇಳುತ್ತೇನೆ. ಮೊದಲು ಶಬ್ದದ ಸಂಗತಿ.

ಲಂಘ್ ಧಾತುವಿಗೆ ನೆಗೆ, ದಾಟು, ಮೀರು ಎಂಬ ಅರ್ಥಗಳು ಪ್ರಸಿದ್ಧವಾಗಿವೆ. ಹನುಮಂತನದು ಸಮುದ್ರಲಂಘನ. ವಿಜಯದಶಮಿಯಂದು ಊರ ಗಡಿ ದಾಟಿ ಬರುವುದು ಸೀಮೋಲ್ಲಂಘನ. ಸಂಚಾರದ ನಿಯಮವನ್ನು ಮೀರಿ ದಂಡ ತೆತ್ತರೆ ಅದು ಪತ್ರಿಕೆಗಳ ಕನ್ನಡದಲ್ಲಿ ಉಲ್ಲಂಘನೆ. ಇವೆಲ್ಲ ಒಂದೇ ಕುದುರೆಯ ಬೇರೆ ಬೇರೆ ನೆಗೆತಗಳು. ಆದರೆ ಧಾತುಪಾಠ ಈ ಧಾತುವಿಗೆ ಗತ್ಯರ್ಥದ ಜೊತೆಗೆ ಭೋಜನನಿವೃತ್ತಿ, ಅಂದರೆ ಊಟವನ್ನು ಬಿಡುವುದು, ಎಂಬ ಇನ್ನೊಂದು ಅರ್ಥವನ್ನೂ ಹೇಳುತ್ತದೆ. ಲಂಘನವೇ ಪರಮೌಷಧ ಎಂಬ ವೈದ್ಯರ ಮಾತಿನಲ್ಲಿರುವುದು ಈ ಅರ್ಥ. ಕಿಟೆಲ್ ಅವರ 1894ರ ಕೋಶದಲ್ಲಿ ನೆಗೆತ ಮತ್ತು ಉಪವಾಸ ಎರಡೂ ಒಂದೇ ಶಬ್ದದ ಕೆಳಗೆ ಅಕ್ಕಪಕ್ಕ ಕುಳಿತಿವೆ.

ನೆಗೆಯುವುದಕ್ಕೂ ಉಣ್ಣದಿರುವುದಕ್ಕೂ ಏನು ಸಂಬಂಧ? ಚರಕಸಂಹಿತೆಯ ಸೂತ್ರಸ್ಥಾನದ ಇಪ್ಪತ್ತೆರಡನೆಯ ಅಧ್ಯಾಯ ಇದಕ್ಕೆ ಒಂದು ದಾರಿ ತೋರಿಸುತ್ತದೆ. ಶರೀರದಲ್ಲಿ ಲಾಘವವನ್ನು, ಅಂದರೆ ಹಗುರತನವನ್ನು, ಉಂಟುಮಾಡುವುದೆಲ್ಲವೂ ಅಲ್ಲಿ ಲಂಘನ. ಅದರಲ್ಲಿ ಹತ್ತು ಬಗೆಗಳಿವೆ: ನಾಲ್ಕು ಶೋಧನಗಳು, ನೀರಡಿಕೆಯನ್ನು ತಡೆದುಕೊಳ್ಳುವುದು, ಗಾಳಿ, ಬಿಸಿಲು, ಪಾಚನ, ಉಪವಾಸ, ವ್ಯಾಯಾಮ. ಉಪವಾಸ ಹತ್ತರಲ್ಲಿ ಒಂದು ಮಾತ್ರ, ಮತ್ತು ಅದರ ಪಕ್ಕದಲ್ಲಿಯೇ ವ್ಯಾಯಾಮವಿದೆ. ಕುದುರೆಯನ್ನು ನೆಗೆಸುವ ಸವಾರನೂ ಹಾಸಿಗೆಯ ಮೇಲೆ ಗಂಜಿಯನ್ನು ದೂರ ಸರಿಸಿದ ಜ್ವರಪೀಡಿತನೂ ವೈದ್ಯನ ಕಣ್ಣಿಗೆ ಒಂದೇ ಕೆಲಸದಲ್ಲಿ ತೊಡಗಿದ್ದಾರೆ.

ಜೈನ ಗ್ರಂಥಗಳಲ್ಲಿ ಇನ್ನೊಂದು ದಾರಿಯೂ ಕಾಣುತ್ತದೆ. ನನಗೆ ಅದೇ ಹೆಚ್ಚು ಒಪ್ಪಿಗೆ. ನಮ್ಮಲ್ಲಿ ಉಪವಾಸವನ್ನು ದಿನಗಳಿಂದ ಎಣಿಸುವುದಿಲ್ಲ, ಊಟಗಳಿಂದ ಎಣಿಸುತ್ತಾರೆ. ದಿನಕ್ಕೆ ಎರಡು ಹೊತ್ತಿನ ಊಟವೆಂದು ಹಿಡಿದರೆ, ಒಂದು ದಿನ ಉಪವಾಸ ಮಾಡಿದವನು ಹಿಂದಿನ ದಿನ ಒಂದು, ಆ ದಿನ ಎರಡು, ಮರುದಿನ ಒಂದು ಹೀಗೆ ನಾಲ್ಕು ಊಟಗಳನ್ನು ಬಿಟ್ಟಿರುತ್ತಾನೆ. ಆದ್ದರಿಂದ ಒಂದು ಉಪವಾಸಕ್ಕೆ ‘ಚತುರ್ಥ’ ಎಂದು ಹೆಸರು. ಎರಡು ದಿನವಾದರೆ ‘ಷಷ್ಠ’, ಮೂರು ದಿನವಾದರೆ ‘ಅಷ್ಟಮ’. ಕುದುರೆ ಹಳ್ಳವನ್ನು ದಾಟುವಂತೆ ವ್ರತಿ ಊಟಗಳನ್ನು ದಾಟುತ್ತಾನೆ. ಲಂಘನದ ಎರಡು ಅರ್ಥಗಳು ಈ ಎಣಿಕೆಯಲ್ಲಿ ತಾವಾಗಿಯೇ ಕೂಡಿಕೊಳ್ಳುತ್ತವೆ.

ಆದರೂ ವ್ರತದ ಉಪವಾಸವನ್ನು ಲಂಘನವೆಂದು ಕರೆಯಲು ಜೈನಾಚಾರ್ಯರು ಒಪ್ಪುವುದಿಲ್ಲ. ಕಷಾಯ, ವಿಷಯ, ಆಹಾರ ಈ ಮೂರನ್ನೂ ಬಿಟ್ಟರೆ ಮಾತ್ರ ಅದು ಉಪವಾಸ, ಮಿಕ್ಕದ್ದು ಬರಿಯ ಲಂಘನ ಎಂಬ ಮಾತು ಶ್ರಾವಕಾಚಾರವನ್ನು ಓದಿದವರಿಗೆಲ್ಲ ಗೊತ್ತು. ಕ್ರೋಧ ಮಾನ ಮಾಯೆ ಲೋಭಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಅನ್ನವನ್ನಷ್ಟೇ ಬಿಟ್ಟವನು ಲಂಘನ ಮಾಡಿದಂತೆ, ಉಪವಾಸ ಮಾಡಿದಂತಲ್ಲ. ಈ ಮಾತನ್ನು ನಾನು ಎಷ್ಟು ಸಲ ಉಪನ್ಯಾಸಗಳಲ್ಲಿ ಬಳಸಿದ್ದೇನೋ ಲೆಕ್ಕವಿಲ್ಲ.

ಈಗ ಕೊಪ್ಪಳದ ಕಡೆ ಬರಬೇಕು. ಕವಿರಾಜಮಾರ್ಗಕಾರ ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸುವ ಊರುಗಳಲ್ಲಿ ಒಂದು ಈ ಕೊಪಣ. ರನ್ನ ಅತ್ತಿಮಬ್ಬೆಯ ಪಾವಿತ್ರ್ಯಕ್ಕೆ ಹೋಲಿಕೆಯಾಗಿ ತಂದುಕೊಳ್ಳುವುದೂ ಇದೇ ಬೆಟ್ಟವನ್ನು. ಪಾಲ್ಕಿಗುಂಡು ಎಂದು ಕರೆಯುವ ಗುಡ್ಡದ ಮೇಲೆ ಅಶೋಕನ ಶಾಸನವಿರುವುದು ಎಲ್ಲರಿಗೂ ತಿಳಿದಿದೆ. ಅಲ್ಲಿಯೇ ಬಂಡೆಯ ಮೇಲೆ ಕೊರೆದ ಎರಡು ಪಾದಗಳಿರುವುದು ಅಷ್ಟಾಗಿ ಯಾರ ಗಮನಕ್ಕೂ ಬರುವುದಿಲ್ಲ. ಅವು ಜಟಾಸಿಂಹನಂದಿ ಆಚಾರ್ಯರ ಪಾದಗಳೆಂದೂ ಚಾವಯ್ಯನೆಂಬವನು ಅವನ್ನು ಮಾಡಿಸಿದನೆಂದೂ ಪಕ್ಕದ ಪುಟ್ಟ ಹಳಗನ್ನಡ ಶಾಸನ ಹೇಳುತ್ತದೆ. ಕೊಪ್ಪಳದ ಕನ್ನಡ ಶಾಸನಗಳನ್ನು ಸಿ. ಆರ್. ಕೃಷ್ಣಮಾಚಾರ್ಲು ಅವರು 1935ರಲ್ಲಿ ಹೈದರಾಬಾದಿನ ಪುರಾತತ್ತ್ವ ಮಾಲೆಯಲ್ಲಿ ಪ್ರಕಟಿಸಿದರು. ಮುಂದೆ ಮೂರು ವರ್ಷಕ್ಕೆ ಆ. ನೇ. ಉಪಾಧ್ಯೆಯವರು ಈ ಆಚಾರ್ಯರ ಸಂಸ್ಕೃತ ಕಾವ್ಯ ‘ವರಾಂಗಚರಿತ’ವನ್ನು ಸಂಪಾದಿಸಿದಾಗ, ಪಂಪ ಮತ್ತು ಜನ್ನರಂಥ ಕನ್ನಡ ಕವಿಗಳು ಆದರದಿಂದ ನೆನೆದ ಜಟಾಚಾರ್ಯ ಯಾರೆಂಬುದು ಹೊಸ ಕಾಲದ ಓದುಗರಿಗೆ ತಿಳಿಯಿತು.

ವರಾಂಗಚರಿತದ ಕಥೆ ತಿರುಗುವುದೇ ಒಂದು ಕುದುರೆಯ ಮೇಲೆ. ವರಾಂಗನಿಗೆ ಯುವರಾಜಪಟ್ಟವಾದದ್ದನ್ನು ಸಹಿಸದವರ ಕಡೆಯ ಮಂತ್ರಿಯೊಬ್ಬ ಎರಡು ಕುದುರೆಗಳನ್ನು ಪಳಗಿಸುತ್ತಾನೆ. ಒಂದಕ್ಕೆ ಸರಿಯಾದ ಶಿಕ್ಷಣ, ಇನ್ನೊಂದಕ್ಕೆ ತಲೆಕೆಳಗಾದ ಶಿಕ್ಷಣ. ಮೊದಲನೆಯದರ ನಡೆಯನ್ನು ನೋಡಿ ಮೆಚ್ಚಿದ ರಾಜಕುಮಾರ ಎರಡನೆಯದನ್ನು ಏರುತ್ತಾನೆ. ಅವನು ತಡೆದಷ್ಟೂ ಅದು ಓಡುತ್ತದೆ. ಊರು, ಹೊಲ, ನದಿ ಎಲ್ಲವನ್ನೂ ದಾಟಿ ಕಾಡು ಹೊಕ್ಕು ಪಾಳು ಬಾವಿಯೊಂದಕ್ಕೆ ಬೀಳುತ್ತದೆ. ಬಳ್ಳಿಯನ್ನು ಹಿಡಿದು ಬದುಕಿಕೊಂಡ ವರಾಂಗ ಒಡವೆಗಳೂ ಹೆಸರೂ ಇಲ್ಲದವನಾಗಿ ಹಸಿವು ನೀರಡಿಕೆಗಳಲ್ಲಿ ಅಲೆಯುತ್ತಾನೆ. ಧರಣಿಪಂಡಿತ ಇದನ್ನು ‘ವರಾಂಗನೃಪಚರಿತೆ’ ಎಂದು ಕನ್ನಡಕ್ಕೆ ತಂದಿದ್ದಾನೆ. ಕುದುರೆಯ ಲಂಘನದಿಂದ ಹೊಟ್ಟೆಯ ಲಂಘನಕ್ಕೆ ಒಬ್ಬ ಯುವರಾಜ ಬೀಳುವುದನ್ನು ಜಟಾಚಾರ್ಯರು ಶಬ್ದದ ಮೇಲೆ ಆಟವಾಡುತ್ತ ಹೇಳಿದ್ದಾರೆಂದು ನನ್ನ ವಾದವಲ್ಲ. ಆದರೆ ಕಥೆಯ ದಾರಿ ಮಾತ್ರ ಅದೇ.

ಇದಕ್ಕೆ ಎದುರಾದ ಇನ್ನೊಂದು ಚಿತ್ರ ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿದೆ. ರಾಷ್ಟ್ರಕೂಟರ ಕೊನೆಯ ದೊರೆ ನಾಲ್ಕನೆಯ ಇಂದ್ರ 982ರಲ್ಲಿ ಅಲ್ಲಿ ಸಲ್ಲೇಖನ ವ್ರತದಿಂದ ದೇಹಬಿಟ್ಟ. ಅವನ ನೆನಪಿನ ಕಂಬದ ಶಾಸನವನ್ನು ಓದಲು ಕುಳಿತವರು ವೈರಾಗ್ಯದ ಮಾತುಗಳನ್ನು ನಿರೀಕ್ಷಿಸುವುದು ಸಹಜ. ಶಾಸನಕವಿ ಮಾತ್ರ ಬಹಳ ಹೊತ್ತು ಹೇಳುವುದು ಕುದುರೆಯ ಮೇಲೆ ಕುಳಿತು ಕೋಲಿನಿಂದ ಚೆಂಡಾಡುವ ಆಟದಲ್ಲಿ ಇಂದ್ರನಿಗಿದ್ದ ನೈಪುಣ್ಯವನ್ನು. ಎಡ ಬಲ ಒಳ ಹೊರ ಎಂದು ಕುದುರೆಯನ್ನು ಸುತ್ತಿಸುವ ಬಗೆಗಳು, ಸುಲಭ ಮತ್ತು ದುಷ್ಕರ ನಡೆಗಳು, ಇಂದಿನ ಓದುಗರಿಗೆ ಪೂರ್ತಿಯಾಗಿ ಬಿಡಿಸಲಾರದ ಪಾರಿಭಾಷಿಕ ಶಬ್ದಗಳು ಅಲ್ಲಿ ತುಂಬಿವೆ. ಈ ಆಟದ ರೂಢಿ ದಕ್ಖನಿನ ಅರಮನೆಗಳಲ್ಲಿ ಮುಂದೆಯೂ ಇತ್ತು. ಕಲ್ಯಾಣದ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ದಲ್ಲಿ ವಾಜಿವಾಹ್ಯಾಲಿ ಎಂದು ಅದಕ್ಕೊಂದು ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ. ನೆಗೆಯುವ ಕುದುರೆಯನ್ನು ಬೆರಳ ತುದಿಯಲ್ಲಿ ಆಳಿದ ದೊರೆಯೊಬ್ಬ, ರಾಜ್ಯ ಕೈಬಿಟ್ಟ ಮೇಲೆ ಅನ್ನವನ್ನು ತಾನಾಗಿ ತೊರೆದ. ಕೊಪಣದಲ್ಲಿಯೂ ಇಂಗಿನೀಮರಣದ ವಿಧಿಯಲ್ಲಿ ಆಹಾರ ಬಿಟ್ಟ ಸಿಂಹನಂದಿ ಆಚಾರ್ಯರ ಸ್ಮಾರಕ ಶಾಸನವಿದೆ. ಅವರು ಯಾರ ಹಸಿವನ್ನೂ ಲಂಘನವೆಂದು ಕರೆಯುವಂತಿಲ್ಲ. ತೊರೆಯುವುದಕ್ಕೆ ಮುಂಚೆ ಅವರ ಮುಂದೆ ಅನ್ನವಿತ್ತು.

2003ರಲ್ಲಿ ನಾನು ಕುಷ್ಟಗಿ ಸೀಮೆಯ ಒಂದು ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದೆ. ಮಲೆನಾಡಿನ ಅಂಚಿನಿಂದ ಹೋದವನು. ಊರು ಹೊಸದು, ಮಾತು ಹೊಸದು. ಸತತ ಮೂರನೆಯ ವರ್ಷದ ಬರ. ಹಳಗನ್ನಡ ಕಾವ್ಯದ ಪಾಠಕ್ಕೆ ಪೂರಕವಾಗಿ ಕುದುರೆಯ ಐದು ಗತಿಗಳನ್ನು ಹೇಳಿ ಬರೆಸಿದ್ದೆ. ಅಭ್ಯಾಸದ ಪರೀಕ್ಷೆಯಲ್ಲಿ ಐದು ಶಬ್ದಗಳನ್ನು ಕೊಟ್ಟು ಅರ್ಥ ಬರೆದು ಸ್ವಂತ ವಾಕ್ಯದಲ್ಲಿ ಬಳಸಿ ಎಂದು ಕೇಳಿದೆ. ತಲಾ ಎರಡು ಅಂಕ. ಅದರಲ್ಲಿ ಲಂಘನವೂ ಒಂದು. ಬಹಳ ಮಂದಿ ಕುದುರೆಯ ನೆಗೆತ ಎಂದು ಬರೆದಿದ್ದರು. ಕೊನೆಯ ಸಾಲಿನಲ್ಲಿ ಕೂರುತ್ತಿದ್ದ ಒಬ್ಬ ಹುಡುಗಿ ಬರೆದದ್ದು ಇಷ್ಟು: ‘ಲಂಗಣ ಅಂದರೆ ಉಣ್ಣದೆ ಇರುವುದು. ನಿನ್ನೆ ನಮ್ಮ ಮನೆಯಲ್ಲಿ ಲಂಗಣ ಇತ್ತು.’

ನಾನು ಕೆಂಪು ಮಸಿಯಲ್ಲಿ ಅದನ್ನು ಹೊಡೆದು ‘ಪಾಠ ಕೇಳಿಲ್ಲ’ ಎಂದು ಬರೆದೆ. ಅಷ್ಟಕ್ಕೆ ಬಿಡಲಿಲ್ಲ. ಉತ್ತರಪತ್ರಿಕೆಗಳನ್ನು ಹಂಚುವ ಮುನ್ನ ಆ ಎರಡು ವಾಕ್ಯಗಳನ್ನು ತರಗತಿಯಲ್ಲಿ ಓದಿ, ಈಕೆಯ ಲಾಯದಲ್ಲಿ ಕುದುರೆಗಳಿಗೆ ಹುಲ್ಲು ಸಿಗುವುದು ಕಷ್ಟ ಎಂದು ಹಾಸ್ಯ ಮಾಡಿದೆ. ತರಗತಿ ನಕ್ಕಿತು. ಎಲ್ಲರೂ ನಗಲಿಲ್ಲ ಎಂಬುದು ಈಗ ನೆನಪಾಗುತ್ತದೆ, ಆಗ ಗಮನಿಸಲಿಲ್ಲ. ಆಕೆ ತಲೆ ತಗ್ಗಿಸಿಕೊಂಡಿದ್ದಳು, ಪತ್ರಿಕೆ ತೆಗೆದುಕೊಳ್ಳಲು ಮುಂದೆ ಬರಲಿಲ್ಲ. ಭಾದ್ರಪದದ ದಶಲಕ್ಷಣ ಪರ್ವದ ದಿನಗಳು ಅವು. ಆ ದಿನ ನನಗೆ ಉಪವಾಸವಿತ್ತು ಎಂಬುದನ್ನೂ ಇಲ್ಲಿ ಹೇಳಬೇಕು. ಸಹೋದ್ಯೋಗಿಗಳು ಚಹಾಕ್ಕೆ ಕರೆದಾಗ ಇಲ್ಲ, ಇಂದು ನನಗೆ ಚತುರ್ಥ ಎಂದು ಹೇಳಿ, ಆ ಹೆಸರಿನ ಅರ್ಥವನ್ನು ಬಿಡಿಸಿ ತಿಳಿಸಿದ್ದೆ.

ಹತ್ತು ದಿನ ಕಳೆದರೂ ಆ ಹುಡುಗಿ ತರಗತಿಗೆ ಬರಲಿಲ್ಲ. ಹಾಜರಿಪುಸ್ತಕ ನೋಡುತ್ತ ಕಾಲೇಜಿನ ಜವಾನರನ್ನು ಕೇಳಿದೆ. ‘ಅವರ ಮನಿಯವರೆಲ್ಲ ಗುಳೆ ಹೋಗ್ಯಾರ್ರಿ ಸರ, ಮಂಗಳೂರ ಕಡಿ’ ಎಂದರು. ಆ ವರ್ಷ ಕುಷ್ಟಗಿ, ಯಲಬುರ್ಗಾದ ಹಳ್ಳಿಗಳಿಂದ ಮಂಗಳೂರಿಗೆ, ಗೋವೆಗೆ, ಬೆಂಗಳೂರಿಗೆ ಕಟ್ಟಡದ ಕೆಲಸ ಹುಡುಕಿಕೊಂಡು ಹೋದ ಮನೆಗಳು ಅನೇಕ. ಬಾಗಿಲಿಗೆ ಬೀಗ, ಕಟ್ಟೆಯ ಮೇಲೆ ಒಬ್ಬ ಮುದುಕ ಅಥವಾ ಒಬ್ಬಳು ಮುದುಕಿ. ಸುಮ್ಮನಿರಲಾರದೆ ನಾನು ಲಂಗಣವೆಂದರೆ ಏನು ಎಂದು ಕೇಳಿದೆ. ಅವರು ನನ್ನ ಮುಖ ನೋಡಿದರು. ‘ಒಲಿ ಹಚ್ಚಲಾರದ್ದಕ್ಕ ಲಂಗಣ ಅಂತಾರ್ರಿ’ ಎಂದರು.

ಒಲೆ ಹಚ್ಚದಿರುವುದು. ಧಾತುಪಾಠದ ಭೋಜನನಿವೃತ್ತಿಗಿಂತ ಇದು ಖಚಿತವಾದ ಅರ್ಥ ಎಂದು ಈಗ ಅನ್ನಿಸುತ್ತದೆ. ನಿವೃತ್ತಿಯಲ್ಲಿ ಬಿಡುವವನೊಬ್ಬನಿದ್ದಾನೆ, ಲಂಗಣದಲ್ಲಿ ಅವನಿಲ್ಲ. ‘ಲಂಗಣ ಮಾಡಿದೆವು’ ಎನ್ನುವುದು ಜ್ವರ ಬಂದಾಗ. ಬರಗಾಲದಲ್ಲಿ ‘ಲಂಗಣ ಬಿದ್ದವು’ ಎನ್ನುತ್ತಾರೆ. ಮಳೆ ಬೀಳುವ ಹಾಗೆ, ಅಥವಾ ಮಳೆಯ ಬದಲಿಗೆ. ಕ್ರಿಯಾಪದ ಬದಲಾಗುವುದರಲ್ಲಿಯೇ ಆ ಸೀಮೆಯ ಜನ ಲಂಘನದ ಎರಡು ಬಗೆಗಳನ್ನು ಬೇರ್ಪಡಿಸಿಕೊಂಡಿದ್ದಾರೆ. ನಮ್ಮ ಶ್ರಾವಕಾಚಾರ ಹೇಳುವ ಎರಡು ಬಗೆಗಳಿಗೆ ಇದು ಮೂರನೆಯದನ್ನು ಸೇರಿಸುತ್ತದೆ. ಕಷಾಯ ಬಿಟ್ಟವನ ಉಪವಾಸ ಒಂದು, ಕಷಾಯ ಬಿಡದವನ ಲಂಘನ ಇನ್ನೊಂದು. ಬಿಡಲು ಏನೂ ಇಲ್ಲದವರದು ಆ ಪಟ್ಟಿಯಲ್ಲಿ ಇಲ್ಲ. ಆ ದಿನ ಮಾನಕಷಾಯವನ್ನು ಹೊಟ್ಟೆ ತುಂಬ ಇಟ್ಟುಕೊಂಡು ಚಹಾ ಬಿಟ್ಟವನ ಉಪವಾಸ ಯಾವ ಬಗೆಗೆ ಸೇರಿತೆಂದು ನಾನು ಬೇರೆ ಹೇಳಬೇಕಾಗಿಲ್ಲ.

ಆ ಮೇಲೆ ಕನ್ನಡದ್ದೇ ಆದ ನೆಗೆತದ ಶಬ್ದವೊಂದರ ಕಡೆಗೂ ನನ್ನ ಗಮನ ಹರಿಯಿತು. ಅದು ಪಾಯ್. ಹಳಗನ್ನಡದಲ್ಲಿ ನೆಗೆ, ಮುನ್ನುಗ್ಗು, ಮೇಲೆ ಬೀಳು ಎಂಬ ಅರ್ಥಗಳಲ್ಲಿ, ಕುದುರೆಯ ಮತ್ತು ಆನೆಯ ಸಂದರ್ಭದಲ್ಲಿ ವಿಶೇಷವಾಗಿ, ಇದರ ಬಳಕೆ ಇದೆ. ಸೋದರಭಾಷೆ ತಮಿಳಿನಲ್ಲಿ ಪಾಯ್ ಎಂದರೆ ನೆಗೆ, ನಾಗಾಲೋಟದಲ್ಲಿ ಓಡು, ಹರಿ. ನೆಗೆಯುವ ಪ್ರಾಣಿ ಎಂಬ ಅರ್ಥದಲ್ಲಿ ಕುದುರೆಗೆ ಅಲ್ಲಿ ‘ಪಾಯ್‌ಮಾ’ ಎಂಬ ಹೆಸರೂ ಇದೆ. ಕನ್ನಡದಲ್ಲಿ ಪಕಾರ ಹಕಾರವಾದ ಮೇಲೆ ಪಾಯ್ ಎಂಬುದು ಹಾಯ್ ಆಯಿತು. ಕುದುರೆ ಇಳಿದು ಊರೊಳಗೆ ಬಂದ ಈ ಕ್ರಿಯಾಪದವನ್ನು ಕೊಪ್ಪಳದ ಸೀಮೆಯಲ್ಲಿ ದಿನಕ್ಕೆ ಹತ್ತು ಸಲ ಕೇಳಬಹುದು. ‘ಹೋರಿ ಹಾಯ್ತದ, ಸರಿ’ ಎಂದು ಮಗುವನ್ನು ಎಳೆದುಕೊಳ್ಳುತ್ತಾರೆ. ಅಲಾಯಿ ಹಬ್ಬದಲ್ಲಿ ಕೆಂಡ ಹಾಯುತ್ತಾರೆ. ಹೊಳೆ ಹಾದು ಹಂಪಿಗೆ ಹೋಗುತ್ತಾರೆ. ಪ್ರೇರಣಾರ್ಥದಲ್ಲಿ ಅದು ಹಾಯಿಸು. ಹಿಂದೆ ರಾವುತರು ಕುದುರೆಗಳನ್ನು ಪಾಯಿಸುತ್ತಿದ್ದರು. ಇಂದು ಗಂಗಾವತಿಯ ರೈತರು ಭತ್ತದ ಗದ್ದೆಗೆ ನೀರು ಹಾಯಿಸುತ್ತಾರೆ.

ಮುನಿರಾಬಾದಿನ ಬಳಿ ತುಂಗಭದ್ರೆಗೆ ಅಣೆಕಟ್ಟು ಕಟ್ಟಿ 1953ರಲ್ಲಿ ನೀರು ನಿಂತಿತು. ಎಡದಂಡೆಯ ಕಾಲುವೆ ಗಂಗಾವತಿಯ ಕಡೆಗೆ ಹರಿಯಿತು, ಕುಷ್ಟಗಿ ಮತ್ತು ಯಲಬುರ್ಗಾದ ಎತ್ತರದ ಹೊಲಗಳು ಅದರ ಹೊರಗೆ ಉಳಿದವು. ಒಂದೇ ಜಿಲ್ಲೆಯ ನಾಲ್ಕು ಹಳೆಯ ತಾಲೂಕುಗಳಲ್ಲಿ ಎರಡು ನೆಗೆತದ ಶಬ್ದಗಳು ಹೀಗೆ ನೆಲೆ ಹಂಚಿಕೊಂಡಿವೆ. ದೇಶ್ಯವಾದ ಪಾಯ್ ಕಾಲುವೆಯ ನೀರಿಗೆ ಇಳಿದು ಗಂಗಾವತಿಯಲ್ಲಿ ಅನ್ನವಾಯಿತು. ಸಂಸ್ಕೃತದ ಲಂಘನ ಕುದುರೆಯಿಂದ ಇಳಿದು ಕುಷ್ಟಗಿಯಲ್ಲಿ ಹಸಿವಾಯಿತು. ಗಂಗಾವತಿಯ ನೆರೆಯ ಅಂಜನಾದ್ರಿಯಲ್ಲಿ, ಲಂಘನಕ್ಕೆ ಲೋಕದಲ್ಲೆಲ್ಲ ಹೆಸರಾದ ಹನುಮಂತ ಹುಟ್ಟಿದನೆಂದು ಜನ ನಂಬುತ್ತಾರೆ. ಅಂದಹಾಗೆ, ಜೈನ ರಾಮಾಯಣಗಳಲ್ಲಿ ಹನುಮಂತ ಸಮುದ್ರವನ್ನು ನೆಗೆಯುವುದಿಲ್ಲ. ವಿದ್ಯಾಧರನಾದ ಅವನು ವಿಮಾನದಲ್ಲಿ ಹೋಗುತ್ತಾನೆ. ಅಲ್ಲಿ ಕೆಳದಂಡೆಯಲ್ಲಿ ವಿಜಯನಗರದ ಕುದುರೆಗಳ ನೆನಪು ಹಜಾರರಾಮ ದೇವಾಲಯದ ಗೋಡೆಯ ಮೇಲೆ ಇನ್ನೂ ಸಾಲುಗಟ್ಟಿ ನಡೆಯುತ್ತಿದೆ. ಇತ್ತ ಯಲಬುರ್ಗಾ ಸೀಮೆಯ ಕಡೆ ಕುದುರೆಯ ನೆನಪು ಉಳಿದಿರುವುದು ಊರ ಹೆಸರಿನಲ್ಲಿ. ಕುದರಿಮೋತಿ ಎಂಬುದು ಆ ಊರು. ಮೋತಿ ಎಂದರೆ ಆ ಕಡೆಯ ಮಾತಿನಲ್ಲಿ ಮುಖ. ಆ ಊರಿನ ಬಸ್ಸಿನಲ್ಲಿ ಹೋಗುವಾಗಲೆಲ್ಲ ನನಗೆ ಹುಲ್ಲಿಲ್ಲದ ಲಾಯದ ನನ್ನ ಹಾಸ್ಯ ನೆನಪಾಗುತ್ತದೆ.

ಶಬ್ದಾರ್ಥದ ದೃಷ್ಟಿಯಿಂದ ಆಕೆಯ ಉತ್ತರದಲ್ಲಿ ತಪ್ಪೇನಿತ್ತು ಎಂದು ನಾನು ಆಮೇಲೆ ಅನೇಕ ಸಲ ಪರಿಶೀಲಿಸಿದ್ದೇನೆ. ಲಂಘನಕ್ಕೆ ಲಂಗಣ ಸರಿಯಾದ ತದ್ಭವ. ಅಲ್ಪಪ್ರಾಣವಾಗುವುದು, ನಕಾರ ಣಕಾರವಾಗುವುದು ಎರಡೂ ಪರಿಚಿತ ಮಾರ್ಪಾಡುಗಳು. ಅರ್ಥಕ್ಕೆ ಧಾತುಪಾಠದ, ಚರಕನ, ಜೈನಾಚಾರ್ಯರ ಬೆಂಬಲವಿದೆ. ಪ್ರಶ್ನೆಯಲ್ಲಿ ಕುದುರೆಯ ಹೆಸರೇ ಇರಲಿಲ್ಲ. ಸ್ವಂತ ವಾಕ್ಯದಲ್ಲಿ ಬಳಸಿ ಎಂದು ಕೇಳಿದ್ದಕ್ಕೆ ಇಡೀ ತರಗತಿಯಲ್ಲಿ ನಿಜವಾಗಿ ಸ್ವಂತ ವಾಕ್ಯ ಬರೆದವಳು ಆಕೆ ಒಬ್ಬಳೇ. ಉಳಿದವರೆಲ್ಲ ನಾನು ಬರೆಸಿದ ವಾಕ್ಯವನ್ನು ನನಗೇ ಹಿಂದಿರುಗಿಸಿದ್ದರು. ಆ ಉತ್ತರಪತ್ರಿಕೆ ಈಗಲೂ ನನ್ನ ಅಭಿಧಾನಚಿಂತಾಮಣಿಯ ಪ್ರತಿಯಲ್ಲಿದೆ. ಕೆಂಪು ಗೆರೆಯ ಪಕ್ಕದಲ್ಲಿ ಎರಡು ಎಂದು ಅಂಕ ಬರೆದು ಸಹಿ ಮಾಡಿದ್ದೇನೆ. ಅಂಕಪಟ್ಟಿ ಆ ಹೊತ್ತಿಗೆ ವಿಶ್ವವಿದ್ಯಾನಿಲಯಕ್ಕೆ ಹೋಗಿಯಾಗಿತ್ತು, ಆಕೆ ಪರೀಕ್ಷೆಗೆ ಕೂರಲೂ ಇಲ್ಲ.

ಅಂದಿನಿಂದ ಲಂಘನ ಬಂದಾಗಲೆಲ್ಲ ಮೊದಲು ಲಂಗಣ ಎಂದು ಬರೆಸಿ, ಆಮೇಲೆ ಕುದುರೆಯ ಗತಿಯನ್ನು ಬರೆಸುತ್ತೇನೆ. ಕೆಲವು ವರ್ಷಗಳ ಹಿಂದೆ ಕೊಪ್ಪಳದ ಸ್ನಾತಕೋತ್ತರ ತರಗತಿಯೊಂದಕ್ಕೆ ಉಪನ್ಯಾಸಕ್ಕೆಂದು ಹೋಗಿದ್ದೆ. ಹಾಗೆಯೇ ಬರೆಸಿದೆ. ಮುಂದಿನ ಸಾಲಿನ ಹುಡುಗನೊಬ್ಬ ಎದ್ದುನಿಂತು, ‘ಸರ್, ಕುದುರೆಯದು ತಿಳೀತು, ಲಂಗಣ ಅಂದ್ರ ಏನ್ರಿ?’ ಎಂದು ಕೇಳಿದ. ಯಾವ ಊರು ಎಂದೆ. ಗಂಗಾವತಿಯ ಕಾಲುವೆಯ ಮೇಲಿನ ಒಂದು ಊರಿನ ಹೆಸರು ಹೇಳಿದ. ನಾನು ಉತ್ತರಿಸುವ ಮೊದಲೇ ಹಿಂದಿನ ಬೆಂಚಿನಿಂದ ಇನ್ನೊಬ್ಬ ಹುಡುಗ, ಕುಷ್ಟಗಿಯ ಕಡೆಯವನಂತೆ, ಕುಳಿತಲ್ಲಿಂದಲೇ ಮೆಲ್ಲಗೆ ಅವನಿಗೆ ಅರ್ಥ ಹೇಳತೊಡಗಿದ. ನಾನು ಸೀಮೆಸುಣ್ಣ ಕೆಳಗಿಟ್ಟು, ಆ ಹುಡುಗ ಹೇಳಿ ಮುಗಿಸಲೆಂದು ಕಾದೆ.